ವೈಜಿನಾಥಪ್ಪ ಮನೆಗೆ ಕೊಟ್ಟ ಫರಸಿ

ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರುವ ವೈಜಿನಾಥಪ್ಪನಿಗೆ ಸರ್ಕಾರದ ಮೇಲೆ ದಿನಕ್ಕೊಂದು ಸಿಟ್ಟು. ಕಲ್ಲಿನ ದಂಧೆಯನ್ನು ಕೇಳುವವರಿಲ್ಲ, ಎಲ್ಲ ಸವಲತ್ತು ಟೈಲ್ಸ್ ಕಂಪನಿಗಳಿಗೇ ಎಂದು ಗಿರಾಕಿಗಳನ್ನು ಕೂರಿಸಿಕೊಂಡು ಚಹಾ ಆರುವ ತನಕ ಹೇಳುತ್ತಿದ್ದ.

ಅಂಥವನ ಹೆಂಡತಿ ಪ್ರೇಮಲಾ ಅಡುಗೆಮನೆಗೆ ಟೈಲ್ಸೇ ಬೇಕೆಂದಳು.

“ನಿಜಾಮ ಹೋದ, ಅವನ ಕಾಲದ ಫರಸಿ ಇನ್ನಾ ಹಂಗೇ ಅದ. ಚರಿತ್ರಿ ನೋಡಿ ಕಲೀಬೇಕು,” ಎಂದ ವೈಜಿನಾಥಪ್ಪ.

“ಆ ಫರಸಿ ನಿಜಾಮ ಒರಸಿದ್ನೇನ್ರಿ? ಕಲ್ಲಿನ ಸಂದ್ಯಾಗ ಕುಂತ ಹಿಟ್ಟು ತಿಕ್ಕಿ ತಿಕ್ಕಿ ನನ್ನ ಮೊಣಕಾಲು ಹೋದ್ವು.”

ವೈಜಿನಾಥಪ್ಪ, ಪೇಟೆಯೆಲ್ಲ ನಗುತ್ತದೆಂದು ಗೊತ್ತಿದ್ದೂ ಟೈಲ್ಸ್ ಹಾಕಿಸಿದ. ಪೇಟೆ ನಕ್ಕಿತು ಕೂಡ.

ವಾರ ಕಳೆಯುವುದರೊಳಗೆ ಪ್ರೇಮಲಾ ಅಂಗಡಿಗೇ ಬಂದಳು. ನುಣುಪಾದ ಹೊಸ ನೆಲದ ಮೇಲೆ ರೊಟ್ಟಿ ಬಡಿಯುವ ಹಲಗೆ ನಿಲ್ಲದೆ ಜಾರುತ್ತಿತ್ತು.

“ಹಲಗಿ ಕೆಳಗ ಹಾಕಾಕ ಒಂದು ಒರಟು ಫರಸಿ ಕೊಡ್ರಿ. ಭಾಷಣ ಬ್ಯಾಡ.”

ವೈಜಿನಾಥಪ್ಪ ಆಳನ್ನು ಕರೆಯಲಿಲ್ಲ. ತಾನೇ ಕೂತು ಕಲ್ಲು ಆರಿಸಿ, ಅವಳ ಕೈ ತರಚದಂತೆ ಅಂಚುಗಳನ್ನಷ್ಟೇ ಉಜ್ಜತೊಡಗಿದ. ಆ ದಿನ ಚಹಾಕ್ಕೆ ಬಂದ ಗಿರಾಕಿಗಳಿಗೆ ಸರ್ಕಾರದ ಸುದ್ದಿಯೇ ಕೇಳಸಿಗಲಿಲ್ಲ.