ಹುಲಿ ಬಿಟ್ಟ ತೊಡೆ

ಹೋದ ವಾರ ಮೊಮ್ಮಗನ ಜೊತೆ ಹಿರಿಯೂರಿನ ಗೊಬ್ಬರದಂಗಡಿಗೆ ಹೋಗಿದ್ದೆ. ಒಳಗೆ ಯಾರೋ ಬೆಳೆಗೆ ಹೊಡೆಯುವ ಔಷಧಿ ಚೆಲ್ಲಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊರಗೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ತಲೆ ಸುತ್ತಿತು ಅಂತ ಅವನಿಗೆ ಸುಳ್ಳು ಹೇಳಿದೆ. ನೆನಪಾದದ್ದು ಕುರಿಯಣ್ಣ.

ಎಪ್ಪತ್ತರ ದಶಕದ ಮಾತು. ಯಲ್ಲದಕೆರೆಗೆ ಸೊಸೆಯಾಗಿ ಬಂದು ನನಗೆ ಎರಡು ವರ್ಷವಾಗಿತ್ತು. ಸುಗ್ಗಿ ಮುಗಿದ ಮೇಲೆ ರಾತ್ರಿ ಹೊತ್ತು ನಮ್ಮ ಹೊಲದಲ್ಲಿ ಕುರಿಮಂದೆ ತರುಬುತ್ತಿದ್ದವನು ಅವನು. ಹೊಲಕ್ಕೆ ಗೊಬ್ಬರ, ಅವನಿಗೆ ರಾಗಿ. ನಮ್ಮದು ಮಾಂಸ ಮುಟ್ಟದ ಮನೆ ಅಂತ ನನ್ನನ್ನು ರೇಗಿಸುವುದೆಂದರೆ ಅವನಿಗೆ ಖುಷಿ. ಗುಡ್ಡದ ಚಿರತೆಗೂ ನಮ್ಮ ಕಡೆ ಹುಲಿ ಅಂತಲೇ ಹೆಸರು. ಅದು ಕುರಿ ಹೊಡೆದು ಅರ್ಧ ತಿಂದು ಹೋದರೆ, ಬಾಯಿ ಹಾಕದ ತೊಡೆಯನ್ನು ಅವನ ಹಟ್ಟಿಯವರು ಕೊಯ್ದು ತಂದು ಸಾರು ಮಾಡುತ್ತಿದ್ದರು. "ಹುಲಿ ಬಿಟ್ಟಿದ್ದು ನಮ್ ಪಾಲು ಕಣಕ್ಕ, ಅದೂ ನಮ್ ದಾಯಾದಿನೇ" ಅನ್ನುತ್ತಿದ್ದ.

ಆ ವರ್ಷ ಬಂದ ಹುಲಿ ಯಾವ ಪಾಲಿಗೂ ಬಗ್ಗಲಿಲ್ಲ. ಹದಿನೈದು ದಿನದಲ್ಲಿ ಒಂಬತ್ತು ಕುರಿ ಹೋದವು. ಆಮೇಲೆ ಸೌದೆಗೆ ಹೋದ ಹಟ್ಟಿಯ ಹೆಂಗಸೊಬ್ಬಳ ಭುಜ ಹರಿದು ಹಾಕಿತು. ನಾಲ್ಕನೇ ದಿನ ಅವಳು ಸತ್ತಳು. ಮಾರನೆಯ ಮಧ್ಯಾಹ್ನ ಕುರಿಯಣ್ಣ ನಮ್ಮ ಹಿತ್ತಲಿಗೆ ಬಂದ. ಬೆಳಿಗ್ಗೆ ಹೊಡೆದ ಕುರಿ ಕಾರೆ ಪೊದೆಯಲ್ಲಿ ಬಿದ್ದಿದೆ, ಹುಲಿ ಮತ್ತೆ ಅಲ್ಲಿಗೇ ಬರುತ್ತದೆ, ಹತ್ತಿಗೆ ಹೊಡೆಯುವ ಎಂಡ್ರಿನ್ ಇದ್ದರೆ ಕೊಡಿ ಎಂದು ಕೇಳಿದ. ಯಜಮಾನರು ಊರಲ್ಲಿರಲಿಲ್ಲ. ಅತ್ತೆಯನ್ನು ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅಟ್ಟದಿಂದ ಬಾಟಲಿ ಇಳಿಸಿ ಸೆರಗಿನಲ್ಲಿ ಮುಚ್ಚಿ ತಂದು ಕೊಟ್ಟೆ. ಎಂಥ ಗಟ್ಟಿಗಿತ್ತಿ ನಾನು ಅಂತ ಒಳಗೊಳಗೇ ಹೆಮ್ಮೆ ಬೇರೆ.

ಅವನೇನು ಹೊಣೆಗೇಡಿಯಲ್ಲ. ನಾಯಿಗಳನ್ನೆಲ್ಲ ಕಟ್ಟಿಸಿದ. ವಿಷ ಹಾಕಿದ ಮೇಲೆ ಹಟ್ಟಿಯ ಮನೆಮನೆಗೂ ಹೋಗಿ ಆ ಮಾಂಸ ಮುಟ್ಟಬೇಡಿ ಎಂದು ಹೇಳಿ ಬಂದ. ಹೇಳದೆ ಉಳಿದದ್ದು ಒಬ್ಬನಿಗೆ, ಅವನ ಸ್ವಂತ ತಮ್ಮನಿಗೆ. ಆ ತಮ್ಮ, ಮರಿಗಳನ್ನು ಹೊಡೆದುಕೊಂಡು ಬಾಗೂರಿನ ಕಡೆ ಮೇವಿಗೆ ಹೋಗಿದ್ದ, ಬರಲು ಇನ್ನೂ ಎಂಟು ದಿನವಿತ್ತು. ಅಲ್ಲಿ ಮೇವು ತೀರಿ ಅದೇ ಸಂಜೆ ಗುಡ್ಡದ ದಾರಿಯಲ್ಲಿ ವಾಪಸು ಬಂದ. ಪೊದೆಯಲ್ಲಿ ತಮ್ಮದೇ ಕಿವಿಗುರುತಿನ ಕುರಿ, ಹುಲಿ ಬಿಟ್ಟ ತೊಡೆ... ಕೊಯ್ದು ಹಳ್ಳದ ದಂಡೆಯಲ್ಲೇ ಸುಟ್ಟು ತಿಂದ. ಆ ವಾಸನೆ ಹೇಗೆ ತಿಳಿಯಲಿಲ್ಲವೋ, ಎಷ್ಟು ಹಸಿದಿದ್ದನೋ...

ಬೆಳಿಗ್ಗೆ ಮರಿಗಳು ಮಾತ್ರ ಹಟ್ಟಿಗೆ ಬಂದವು.

ಪೊಲೀಸರು ನಮ್ಮ ಜಗಲಿಯ ಮೇಲೇ ಕೂತು ಕುರಿಯಣ್ಣನನ್ನು ವಿಚಾರಿಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಔಷಧಿ ಯಾರು ಕೊಟ್ಟರು ಎಂದಾಗ ಅವನು ತಲೆ ಎತ್ತಲಿಲ್ಲ.

"ಯಾರೂ ಕೊಟ್ಟಿಲ್ಲ ಸ್ವಾಮಿ. ಹಿರಿಯೂರ್ ಸಂತೆಯಾಗೆ ನಾನೇ ತಂದಿದ್ದು."

ಬಾಗಿಲಿನಿಂದ ಜಗಲಿಗೆ ನಾಲ್ಕು ಹೆಜ್ಜೆ. ನಾನು ಇಡಲಿಲ್ಲ. ಬಾಟಲಿ ಎಲ್ಲಿ ಎಂದು ಆಮೇಲೆ ಯಜಮಾನರು ಕೇಳಿದಾಗ ಬಿದ್ದು ಒಡೆಯಿತು ಅಂದೆ. ಕುರಿಯಣ್ಣನನ್ನು ಕರೆದುಕೊಂಡು ಹೋದರು.

ತಿಂಗಳುಗಳ ಮೇಲೆ ಅವನು ತಿರುಗಿ ಬಂದಾಗ, ತಮ್ಮನನ್ನು ಕೊಂದವನು ಅಂತ ಹಟ್ಟಿಯಲ್ಲಿ ಯಾರೂ ಮಾತಾಡಿಸಲಿಲ್ಲ. ತಮ್ಮನ ಹೆಂಡತಿ ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಮ್ಮೆ ಬಾವಿಯ ಹತ್ತಿರ ಎದುರಾದ. ಈಗಲಾದರೂ ಹೇಳಿಬಿಡುತ್ತೇನೆ ಎಂದು ನಾನು ಅತ್ತುಬಿಟ್ಟೆ.

"ಹೇಳಿದ್ರೆ ಅವನು ಎದ್ ಬರ್ತಾನೇನಕ್ಕ? ಸುಮ್ಕಿರ್ರಿ" ಅಂದ.

ಸುಮ್ಮನಿದ್ದೆ. ನನಗೂ ಅದೇ ಬೇಕಿತ್ತು. ಅವನು ಮಂದೆ ಮಾರಿ ಎಲ್ಲಿಗೋ ಹೋದ. ಮುಂದೆ ಯಾರಿಗೂ ಕಾಣಲಿಲ್ಲ. ಆ ಹುಲಿಯೂ ಅಷ್ಟೇ, ಕಾರೆ ಪೊದೆಗೆ ತಿರುಗಿ ಬರಲೇ ಇಲ್ಲವಂತೆ.

ಯಜಮಾನರು ತೀರಿಕೊಂಡು ವರ್ಷಗಳಾದವು. ಕುರಿಯಣ್ಣನೂ ಈಗ ಇರಲಾರ. ನಿಜ ಗೊತ್ತಿರುವವಳು ನಾನೊಬ್ಬಳೇ ಉಳಿದಿದ್ದೇನೆ. ಅವತ್ತು ಅಂಗಡಿಯಿಂದ ಹೊರಗೆ ಬಂದ ಮೊಮ್ಮಗ, ಬೈಕು ತರುತ್ತೇನೆ ಇದನ್ನು ಹಿಡಿದುಕೋ ಅಂತ ಔಷಧಿಯ ಬಾಟಲಿಯನ್ನು ನನ್ನ ಮಡಿಲಲ್ಲಿಟ್ಟು ಹೋದ. ರಸ್ತೆಯಲ್ಲಿ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಆದರೂ ಅದರ ಮೇಲೆ ಸೆರಗು ಮುಚ್ಚಿದೆ.