ಅವರ ಸೋಪಿಗೆ ನನ್ನ ಕಾಗದ

ಗಿರಿಜಕ್ಕ ಮಾಡಿದ ಸೋಪುಗಳನ್ನು ನನ್ನ ಕಾಗದದಲ್ಲಿ ಸುತ್ತಿ, ನನ್ನವೆಂದು ಮಾರಿದವಳು ನಾನು. ನನ್ನ ಸೋಪುಗಳನ್ನು ಅವರ ಕಾಗದದಲ್ಲಿ ಸುತ್ತಿ, ಅವರವೆಂದು ಇಟ್ಟವಳೂ ನಾನೇ. ಕೆಡುಕು ಮಾಡಬೇಕೆಂದು ಮಾಡಿದ್ದಲ್ಲ — ಹಾಗೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನನಗೆ ಒಂದು ಸಂಗತಿ ತಿಳಿಯಬೇಕಿತ್ತು. ತಿಳಿಯಿತು ಕೂಡ. ತಿಳಿದ ಮೇಲೆ ಬಾಯಿ ಮುಚ್ಚಿಕೊಂಡೆ.

ನಾನು ಹಳೆಯ ಯಲಹಂಕದವಳು. ಗಿರಿಜಕ್ಕ ಬಾಗಲಕೋಟೆ ಕಡೆಯವರು; ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ನಮ್ಮೂರಿನ ಹತ್ತಿರದ ಸಿಂಗಾಪುರವೆಂಬ ಬಡಾವಣೆಯಲ್ಲಿ ಮಹಡಿ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಸೋಪು ಮಾಡುವುದನ್ನು ಕಲಿಸುವ ತರಗತಿಯಲ್ಲಿ ನಮ್ಮಿಬ್ಬರ ಪರಿಚಯ. ಅಚ್ಚುಗಳನ್ನು ಒಟ್ಟಿಗೇ ಕೊಂಡೆವು. ಇಬ್ಬರದೂ ಅದೇ ಬೇವಿನ ಸೋಪು, ಅದೇ ಮಬ್ಬು ಹಸಿರು. ಭಾನುವಾರ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಸಂತೆ ನಡೆಯುತ್ತಿತ್ತು. ಅಲ್ಲಿ ನಮಗೊಂದು ಮೇಜು. ಅರ್ಧ ಅವರದು, ಅರ್ಧ ನನ್ನದು.

ನನ್ನ ಅರ್ಧವನ್ನು ಜೋಡಿಸುವುದೇ ನನಗೊಂದು ಹಬ್ಬ. ಕೆಳಗೆ ಬಿಳಿ ಬಟ್ಟೆ, ಅದರ ಮೇಲೆ ಮೆಟ್ಟಿಲಿನಂಥ ಹಲಗೆಗಳು, ಹಿಂದಿನ ಸಾಲು ಮುಂದಿನದಕ್ಕಿಂತ ಎತ್ತರ. ಕಂದು ಬಣ್ಣದ ಒರಟು ಕಾಗದ, ಸೆಣಬಿನ ದಾರ, ಗಂಟಿನಲ್ಲಿ ಒಣಗಿದ ತುಳಸಿಯ ಕುಡಿ. ಮೂಸಿ ನೋಡುವವರಿಗೆಂದು ಒಂದನ್ನು ಮಾತ್ರ ಬಿಚ್ಚಿಡುತ್ತಿದ್ದೆ. ಗಿರಿಜಕ್ಕನ ಕಡೆ ಒಂದು ರಟ್ಟಿನ ಡಬ್ಬಿ. ಒಳಗೆ ಬಟರ್ ಪೇಪರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಸೋಪುಗಳು. ಅಷ್ಟೇ.

ಜನ ನನ್ನ ಕಡೆಗೇ ಬರುತ್ತಿದ್ದರು. ಗಿರಿಜಕ್ಕ ನಗುತ್ತಿದ್ದರು. "ಏ ಲತಾ, ಕಾಗದಾ ಮೈಗೆ ಹಚ್ಕೊಳ್ಳಾಕ ಬರ್ತೈತೇನು?"

ನಾನೂ ನಗುತ್ತಿದ್ದೆ. ಆದರೆ ಆ ಮಾತು ತಲೆಯಲ್ಲಿ ಕೂತಿತು. ಇವರು ಕೊಳ್ಳುವುದು ನನ್ನ ಸೋಪನ್ನೋ, ನನ್ನ ಕಾಗದವನ್ನೋ? ಯಾಕೆಂದರೆ ಯಾವ ಸೋಪು ಮೇಲೆಂಬುದು ನನಗೆ ಗೊತ್ತಿತ್ತು. ಗಿರಿಜಕ್ಕ ಕತ್ತರಿಸಿದ ಸೋಪನ್ನು ಬಿದಿರಿನ ತಟ್ಟೆಯಲ್ಲಿ ಹರಡಿ ತಿಂಗಳು ಮೀರಿದರೂ ಗಾಳಿಗೆ ಬಿಡುತ್ತಿದ್ದರು. ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಭಾನುವಾರ ಹತ್ತಿರ ಬಂತೆಂದರೆ ಸುತ್ತಿಬಿಡುತ್ತಿದ್ದೆ. ಅವರದು ಕಲ್ಲಿನ ಹಾಗೆ ಗಟ್ಟಿ. ನನ್ನದು ಬಚ್ಚಲಿನಲ್ಲಿ ಬೇಗ ಲೊಳೆಯಾಗುತ್ತಿತ್ತು.

ಒಂದು ಶನಿವಾರ ಸಂಜೆ ಅವರು ಡಬ್ಬಿಯನ್ನು ನಮ್ಮ ಮನೆಗೆ ತಂದರು. ಮರುದಿನ ಚಿಕ್ಕಜಾಲದಲ್ಲಿ ನೆಂಟರ ಮಗುವಿಗೆ ನಾಮಕರಣ. "ನಾಳೆ ಇವನ್ನೂ ಒಂದಿಷ್ಟು ನೋಡ್ಕೋ ಯವ್ವಾ. ಸಂಜಿಮುಂದ ಬಂದು ಒಯ್ತೀನಿ," ಎಂದರು.

"ನೀವು ಆರಾಮಾಗಿ ಹೋಗ್ಬನ್ನಿ ಅಕ್ಕಾ, ನಾನಿದೀನಲ್ಲ," ಎಂದೆ.

ಬೆಳಿಗ್ಗೆ ಸಂತೆಗೆ ಹೊರಡುವ ಮುಂಚೆ ನೆಲದ ಮೇಲೆ ಕೂತು ಎಲ್ಲವನ್ನೂ ಬಿಚ್ಚಿದೆ. ಅವರವು ನನ್ನ ಕಾಗದಕ್ಕೆ, ನನ್ನವು ಅವರ ಕಾಗದಕ್ಕೆ. ಒಂದೇ ಅಚ್ಚಿನವು, ಮಡಿಕೆಗಳು ಸರಿಯಾಗಿಯೇ ಕೂತವು. ಕೈ ಎಷ್ಟು ಚುರುಕಾಗಿತ್ತೆಂದರೆ — ಸುಳ್ಳು ಹೇಳಲಾರೆ, ಖುಷಿಯಾಗಿತ್ತು. ಏನಾಗುತ್ತದೋ ನೋಡೋಣ, ಸಂಜೆ ಅಕ್ಕನಿಗೆ ಹೇಳಿದರಾಯಿತು, ಇಬ್ಬರೂ ಬಿದ್ದು ಬಿದ್ದು ನಗಬಹುದು ಎಂದುಕೊಂಡಿದ್ದೆ.

ಊಟದ ಹೊತ್ತಿಗೆ ನನ್ನ ಹಲಗೆಗಳು ಖಾಲಿ. ಡಬ್ಬಿ ಹಾಗೇ ಇತ್ತು. ಒಬ್ಬ ಹುಡುಗಿ ಅದರೊಳಗಿನ ಸೋಪೊಂದನ್ನು ಎತ್ತಿ, "ಇದೇನು ಆಂಟಿ, ಬಟ್ಟೆ ಸೋಪಾ?" ಎಂದಳು. ಅವಳ ಕೈಯಲ್ಲಿದ್ದದ್ದು ನನ್ನ ಸೋಪು! ನಗು ಬಂತು, ಚುಚ್ಚಿತು ಕೂಡ. ಕಾಗದವೇ ಗೆದ್ದಿತ್ತು. ಯಾವಾಗ ಅಕ್ಕ ಬರುತ್ತಾರೋ, ಯಾವಾಗ ಹೇಳುತ್ತೇನೋ ಎಂದು ಗೇಟಿನ ಕಡೆಗೇ ನೋಡುತ್ತಿದ್ದೆ.

ಅವರು ಬಂದಾಗ ಪಕ್ಕದ ಮೇಜಿನವರೂ ನನ್ನ ಖಾಲಿ ಹಲಗೆಗಳನ್ನು ನೋಡಿ ಹೊಗಳುತ್ತಾ ನಿಂತಿದ್ದರು. ಗಿರಿಜಕ್ಕ ರೇಷ್ಮೆ ಸೀರೆಯಲ್ಲಿದ್ದರು. ಕೈಯಲ್ಲಿ ನನಗೆಂದು ಕಟ್ಟಿಸಿಕೊಂಡು ಬಂದ ಹೋಳಿಗೆ. ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

"ನನ್ನವು ಹೋಗಲೇ ಇಲ್ಲೇನು?" ಆಮೇಲೆ ನನ್ನ ಕಡೆ ತಿರುಗಿ, "ನಿನ್ನವು ಅಷ್ಟೂ ಹೋದ್ವಾ?"

ಇಲ್ಲ ಅಕ್ಕಾ, ಹೋಗಿದ್ದು ನಿಮ್ಮವು — ಇಷ್ಟೇ ಹೇಳಬೇಕಿತ್ತು. ಬಾಯಿ ತೆರೆದೆ.

"ಹೂಂ ಅಕ್ಕಾ. ಎಲ್ಲಾ ಹೋಯ್ತು."

"ಚಲೋ ಆತು ಬಿಡು," ಎಂದು ಹೋಳಿಗೆಯ ಪೊಟ್ಟಣವನ್ನು ನನ್ನ ಕೈಗಿಟ್ಟು, ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಹೋದರು.

ಯಾಕೆ ಹಾಗಂದೆ? ಪಕ್ಕದವರ ಎದುರು ನಾಚಿಕೆಯೇ? ಹೊಗಳಿಕೆಯ ರುಚಿಯೇ? ಎಷ್ಟು ಸಲ ಕೆದಕಿದರೂ… ಮರುದಿನ ಹೇಳೋಣವೆಂದುಕೊಂಡೆ, ಆ ಮರುದಿನಕ್ಕೆ ಮುಂದೂಡಿದೆ. ಮುಂದಿನ ಭಾನುವಾರ ಅವರು ಡಬ್ಬಿಯಿಲ್ಲದೆ ಬಂದು ನನ್ನ ಪಕ್ಕದಲ್ಲಿ ಕೂತರು. ಹೆಚ್ಚು ಮಾತಿಲ್ಲ. ಸಂಜೆ ಎದ್ದು ಹೋದರು. ಮತ್ತೆ ಬರಲಿಲ್ಲ. ಸೋಪು ಮಾಡುವುದನ್ನೇ ಬಿಟ್ಟರೆಂದು ಕೇಳಿದೆ.

ಈ ಕಥೆ ಇಲ್ಲಿಗೇ ಮುಗಿದಿದ್ದರೂ ನನ್ನ ತಪ್ಪು ಸಣ್ಣದಾಗುತ್ತಿರಲಿಲ್ಲ. ಆದರೆ ಮುಗಿಯಲಿಲ್ಲ. ಕೆಲವು ವಾರಗಳ ನಂತರ ಅದೇ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು ಬಂದರು. "ಅವತ್ತಿನ ಸೋಪೇ ಕೊಡಮ್ಮಾ. ಕೊನೇ ಚೂರಿನವರೆಗೂ ಗಟ್ಟಿಯಾಗಿತ್ತು. ಇಂಥಾ ಸೋಪು ನಾನು ನೋಡೇ ಇಲ್ಲ." ನಾನು ನನ್ನದನ್ನು ಕೊಟ್ಟೆ. ಸ್ವಲ್ಪ ದಿನಕ್ಕೆ ಮತ್ತೆ ಬಂದು, "ಇದು ಅದಲ್ಲ ಕಣಮ್ಮ," ಎಂದರು. ಅವರ ಹಿಂದೆ ಇನ್ನೂ ಕೆಲವರು ಅದೇ ಮಾತು ಹೇಳಿದರು. ನನ್ನ ಪ್ರಶ್ನೆಗೆ ಉತ್ತರದ ಇನ್ನೊಂದು ಅರ್ಧ ಸಿಕ್ಕಿತ್ತು — ಮೊದಲ ಸಲ ಕೊಂಡದ್ದು ಕಾಗದವನ್ನು, ಹುಡುಕಿಕೊಂಡು ಬಂದದ್ದು ಸೋಪಿಗಾಗಿ. ಆ ಅರ್ಧವನ್ನು ನಾನೇ ಇಟ್ಟುಕೊಂಡೆ. ಅಂದಿನಿಂದ ನಾನೂ ಸೋಪನ್ನು ತಿಂಗಳು ಮೀರಿ ಒಣಗಿಸತೊಡಗಿದೆ. ನನ್ನ ವ್ಯಾಪಾರ ಬೆಳೆಯಿತು.

ಮೊನ್ನೆ ಕೆಲವು ಹೆಂಗಸರಿಗೆ ಪ್ಯಾಕಿಂಗ್ ಬಗ್ಗೆ ಹೇಳಿಕೊಡಲು ನನ್ನನ್ನು ಕರೆದಿದ್ದರು. "ಕಾಗದ ಒಂದು ಸಲ ಮಾರುತ್ತೆ, ಆಮೇಲೆ ಸೋಪೇ ಮಾರ್ಬೇಕು. ಇದು ನಾನೇ ಪರೀಕ್ಷೆ ಮಾಡಿ ನೋಡಿರೋದು," ಎಂದೆ. ಒಬ್ಬಾಕೆ ಕುತೂಹಲದಿಂದ, "ಹೇಗ್ ಮಾಡಿದ್ರಿ ಮೇಡಂ ಪರೀಕ್ಷೆ?" ಎಂದಳು.

ಮರುದಿನ ಸಿಂಗಾಪುರಕ್ಕೆ ಹೋದೆ. ಗಿರಿಜಕ್ಕ ಅದೇ ಮಹಡಿ ಮನೆಯಲ್ಲಿದ್ದರು. ಈಗ ಹತ್ತಿರದ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾರಂತೆ. ಕೂತವಳೇ ಎಲ್ಲ ಹೇಳಿಬಿಟ್ಟೆ — ಬಿಚ್ಚಿದ್ದು, ಸುತ್ತಿದ್ದು, 'ಹೂಂ' ಎಂದದ್ದು.

"ಗೊತ್ತೈತಿ," ಎಂದರು. "ಅವತ್ತ ಮನೀಗೆ ಬಂದು ಒಂದು ಬಿಚ್ಚಿದೆ. ನನ್ನ ಸಾಬೂನ ನನಗ ಗೊತ್ತಾಗೂದಿಲ್ಲೇನು? ಮುಂದಿನ ಐತ್ವಾರ ನೀ ಹೇಳ್ತಿ ಅಂತ ಬಂದು ಬಾಜೂಕ ಕುಂತಿದ್ದೆ."

ನನಗೆ ತಲೆ ಎತ್ತಲಾಗಲಿಲ್ಲ. ಆದರೂ ಉಳಿದದ್ದನ್ನು ಹೇಳಲೇಬೇಕಿತ್ತು. ಆ ಹಿರಿಯರು ಹುಡುಕಿಕೊಂಡು ಬಂದದ್ದನ್ನು ಹೇಳಿದೆ.

ಗಿರಿಜಕ್ಕ ನೆಟ್ಟಗೆ ಕೂತರು. "ಹೌದಾ? ಏನಂದ್ರು? ಅವರು ಅಂದಂಗ ಹೇಳು."

ಹೇಳಿದೆ. ಇನ್ನೊಮ್ಮೆ ಹೇಳಿಸಿದರು. 'ಕೊನೇ ಚೂರಿನವರೆಗೂ' ಎಂಬಲ್ಲಿ ಅವರ ತುಟಿ ನನ್ನೊಂದಿಗೇ ಅಲುಗಿತು. ಮುಖ ಒಂದು ಗಳಿಗೆ ಬೆಳಗಿ, ಆರಿತು.

"ನೀ ಅದಲಬದಲ ಮಾಡಿದಿ ಅಂತ ನಾ ಸಾಬೂನ ಮಾಡೂದು ಬಿಡಲಿಲ್ಲ ಲತಾ. ಎಷ್ಟು ಚಲೋ ಮಾಡಿದ್ರೂ ಜನಕ್ಕ ಕಾಗದನ ಬೇಕು ಅಂತ ತಿಳದು ಬಿಟ್ಟೆ. ಇದೊಂದು ಮಾತರ ಅವಾಗ ಹೇಳಬೇಕಿತ್ತು ನೀ."

ಈಗ ಮತ್ತೆ ಮಾಡಿ ಅಕ್ಕಾ ಎನ್ನುವ ಮಾತು ಗಂಟಲಿಗೆ ಬಂದಿತ್ತು. ಅದನ್ನು ಹೇಳುವ ಹಕ್ಕು ನನಗೆಲ್ಲಿದೆ ಅನ್ನಿಸಿತು.

ಅವರೇ ಕೇಳಿದರು, "ಆ ಹಿರಿಯರು ಈಗೂ ಅಲ್ಲೇ ಅದಾರೇನು?"

"ಇಲ್ಲ ಅಕ್ಕಾ. ಮನೆ ಖಾಲಿ ಮಾಡ್ಕೊಂಡು ಹೋಗಿ ಬಹಳ ವರ್ಷ ಆಯ್ತು. ಎಲ್ಲಿಗೆ ಅಂತ ನಾನು ಕೇಳ್ಲೇ ಇಲ್ಲ."

"ಹಾಂ," ಎಂದು ತಲೆಯಾಡಿಸಿ, ಚಹಾಕ್ಕೆ ನೀರಿಡಲು ಒಳಗೆ ಹೋದರು.