ವೀರಮ್ಮನ ಸೊಂಟ ಒಪ್ಪಿದ ಕಾರು

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಹಳೆಯ ಕಾರು ಕೊಳ್ಳುವವರು ಮೊದಲು ಶಿವಮೂರ್ತಪ್ಪನ ಟೈರ್ ಅಂಗಡಿಗೆ ಬರುತ್ತಾರೆ, ಆಮೇಲೆ ಬ್ಯಾಂಕಿಗೆ ಹೋಗುತ್ತಾರೆ. ಅವನು ನನಗಿಂತ ಚಿಕ್ಕವನು, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಊರಿನ ಉಳಿದವರು ಬಹುವಚನದಲ್ಲಿ ಓದಿಕೊಳ್ಳಲಿ. ಸವೆದ ಟೈರುಗಳನ್ನು ತಿರುಗಿಸಿ ನೋಡುತ್ತಲೇ ಆಯುಷ್ಯ ಕಳೆದವನು. ಟೈರು ಒಂದೇ ಅಂಚಿನಲ್ಲಿ ಬೋಳಾಗಿದ್ದರೆ ಚಕ್ರ ನೆಟ್ಟಗೆ ನಿಂತಿಲ್ಲ. ಅಲ್ಲಲ್ಲಿ ಬಟ್ಟಲು ತೋಡಿದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನನಗೂ ಯಾರೂ ಹೇಳಿಕೊಟ್ಟಿಲ್ಲ; ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಕಲಿತೆ.

ಕಾರು ಬಂದರೆ ಅವನು ಎಂಜಿನ್ನಿನ ಕಡೆ ತಿರುಗಿಯೂ ನೋಡುವುದಿಲ್ಲ. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಸ್ಟೇರಿಂಗ್ ಕೆಟ್ಟರೆ ನಿಲ್ಲುವುದಿಲ್ಲ ಎನ್ನುತ್ತಾನೆ. ಮೊದಲು ಕಾರಿನ ಮೂಲೆಯನ್ನು ಎರಡೂ ಅಂಗೈಯಿಂದ ಅದುಮಿ ಬಿಡುತ್ತಾನೆ. ಒಮ್ಮೆ ಎದ್ದು ಕೂತರೆ ಸರಿ. ಜೋಕಾಲಿಯ ಹಾಗೆ ತೂಗುತ್ತಾ ನಿಂತರೆ ಬೇಡ. ಆಮೇಲೆ ಸ್ಟೇರಿಂಗನ್ನು ಬೆರಳಲ್ಲಿ ಅತ್ತ ಇತ್ತ ಅಲ್ಲಾಡಿಸುತ್ತಾನೆ. ಕೈ ಅಲ್ಲಾಡಿದರೂ ಚಕ್ರ ಸುಮ್ಮನಿದ್ದರೆ ಒಳಗೆ ಕೀಲು ಸವೆದಿದೆ ಎಂದರ್ಥ. ಖಾಲಿ ಮೈದಾನದಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿಕೊಂಡು ನಿಧಾನವಾಗಿ ಸುತ್ತು ಹಾಕಿ, ಟಕಟಕ ಸದ್ದು ಬರುತ್ತದೆಯೇ ಎಂದು ಕಿವಿಗೊಡುತ್ತಾನೆ. ಕೊನೆಗೆ ಮಲವಗೊಪ್ಪದ ಕಡೆ ನೇರ ರಸ್ತೆಗೆ ಒಯ್ದು ಕೈ ಸಡಿಲ ಬಿಡುತ್ತಾನೆ. ಕಾರು ತನ್ನ ಪಾಡಿಗೆ ಎತ್ತ ಹೋಗುತ್ತದೋ ಅದೇ ಅದರ ಗುಣ.

ಇಷ್ಟು ಮಾಡಿದ ಮೇಲೂ ಮಾರುವವನ ಎದುರು ದೋಷ ಹೇಳುವುದಿಲ್ಲ. ಹೆಣ್ಣು ನೋಡಲು ಹೋದವರು ಅಲ್ಲೇ ಉಪ್ಪಿಟ್ಟು ತಿನ್ನುತ್ತಾ ಹುಡುಗಿಯ ಮೂಗಿನ ಬಗ್ಗೆ ಮಾತಾಡಬಾರದಲ್ಲ, ಹಾಗೆ. "ಎಲ್ಲಾ ಚೆನ್ನಾಗಿದೆ, ಬಣ್ಣ ಯಾಕೋ ಒಪ್ಪಲಿಲ್ಲ" ಎಂದು ಕೈಮುಗಿದು ಬರುತ್ತಾನೆ. ಅದರ ಅರ್ಥ ಮಾರುವವರಿಗೆಲ್ಲ ಗೊತ್ತು. ಅವನ ಮಾತಿನ ಮೇಲೆ ಕೊಂಡ ಕಾರು ಯಾರನ್ನೂ ದಾರಿಯಲ್ಲಿ ಬಿಟ್ಟಿಲ್ಲ ಎಂಬುದು ಅವನ ಆಸ್ತಿ. ಸ್ವಂತ ಕಾರು ಮಾತ್ರ ಇರಲಿಲ್ಲ. ಒಂದೂ ಅವನಿಗೆ ಒಪ್ಪಿರಲಿಲ್ಲ.

ಇವನ ಅಕ್ಕ ವೀರಮ್ಮ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮಗಳು ಸೌಂದರ್ಯಳ ಜೊತೆ ಇದ್ದಾರೆ. ಪ್ರತಿ ಸೋಮವಾರ ಓಲ್ಡ್ ಟೌನಿಗೆ ಬಂದು ಹೆಂಗಸರ ವಚನ ಗಾಯನದಲ್ಲಿ ಮೊದಲ ಸಾಲು ಎತ್ತಿಕೊಡುತ್ತಿದ್ದವರು ಅವರೇ. ಬೆನ್ನುಮೂಳೆಯ ಆಪರೇಷನ್ ಆದ ಮೇಲೆ ಅದು ನಿಂತಿತು. ಬಸ್ಸು, ಆಟೋ ಯಾವುದರಲ್ಲೂ ಕೂರಲು ಆಗದು. ಅವರ ಜಾಗದಲ್ಲಿ ಈಗ ವೇದಾ ಎಂಬವಳು ಎತ್ತಿಕೊಡುತ್ತಿದ್ದಳು. ಯಾರೋ ಅದನ್ನು ಮೊಬೈಲಿನಲ್ಲಿ ಕಳಿಸಿದರು. ಕೇಳಿದ ವೀರಮ್ಮ ಅಂದು ಊಟ ಬಿಟ್ಟರು.

"ಮಾವ, ಅಮ್ಮನಿಗೆ ಕೂರಕ್ಕಾಗೋ ಒಂದು ಕಾರು ನೋಡಿ. ಈ ಮನೇಲೇ ಕೂತಿದ್ರೆ ಅವಳು ಕುಗ್ಗಿ ಹೋಗ್ತಾಳೆ," ಎಂದಳು ಸೌಂದರ್ಯ.

ಅಕ್ಕನ ಕಾರು ಎಂದಮೇಲೆ ಶಿವಮೂರ್ತಪ್ಪ ಇನ್ನಷ್ಟು ಬಿಗಿಯಾದ. ಬಂದ ಕಾರುಗಳ ಬಣ್ಣ ಒಂದೂ ಒಪ್ಪಲಿಲ್ಲ. ಮಲವಗೊಪ್ಪದ ಮುರುಗೇಶಪ್ಪನದೊಂದು ನೀಲಿ ಕಾರಿತ್ತು. ಸ್ಟೇರಿಂಗ್ ಸಡಿಲ, ಸ್ಪ್ರಿಂಗ್ ಸುಸ್ತು, ಅದುಮಿದರೆ ಎಮ್ಮೆ ಕೆರೆಗೆ ಇಳಿದ ಹಾಗೆ ಕೂರುತ್ತಿತ್ತು. ಮುಟ್ಟಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದ. ಕೊನೆಗೆ ಒಬ್ಬ ಡಾಕ್ಟರ ಬಿಳಿ ಕಾರು ಒಪ್ಪಿತು. ಒಂದು ಸದ್ದಿಲ್ಲ, ಒಂದು ಅಲುಗಾಟವಿಲ್ಲ. ಕೊಳ್ಳುವ ಮುಂಚೆ ಒಮ್ಮೆ ಅಕ್ಕನನ್ನು ಕೂರಿಸೋಣ ಎಂದು ಸೋಮವಾರಕ್ಕೆ ಕೇಳಿ ತಂದ. ಶಿವಮೊಗ್ಗದಿಂದ ಹೊರಟಾಗ ಹಿಂದೆ ವೀರಮ್ಮ ಮತ್ತು ಸೌಂದರ್ಯ, ಮುಂದೆ ಅವನ ಪಕ್ಕ ನಾನು.

ಮಲವಗೊಪ್ಪ ಬರುವಷ್ಟರಲ್ಲಿ ವೀರಮ್ಮ ಸೀಟು ಹಿಡಿದುಕೊಂಡರು.

"ನಿಲ್ಸೋ."

"ಅಕ್ಕ, ಒಂದ್ ಸದ್ದಿದೆಯಾ ನೋಡು ಇದ್ರಲ್ಲಿ? ಕಲ್ಲು ಕಟ್ಟಡ ಇದ್ದಂಗಿದೆ."

"ಅದನ್ನೇ ನಾನೂ ಹೇಳ್ತಿರೋದು. ಕಲ್ಲಿನ ಮೇಲೇ ಕೂತಂಗಿದೆ. ಇಳ್ಸು ನನ್ನ."

ಇಳಿಸಿ ಒಂದು ಅಂಗಡಿಯ ಮುಂದೆ ಕೂರಿಸಿದೆವು. ಅವರ ಮುಖ ಬೆವತಿತ್ತು. ಆ ಕಾರಿಗೆ ಮತ್ತೆ ಹತ್ತುವುದಿಲ್ಲ ಎಂದರು. ಅಷ್ಟರಲ್ಲಿ ಮುರುಗೇಶಪ್ಪ ತನ್ನ ನೀಲಿ ಕಾರಿನಲ್ಲಿ ಅದೇ ದಾರಿಯಲ್ಲಿ ಬಂದ, ನಮ್ಮನ್ನು ನೋಡಿ ನಿಲ್ಲಿಸಿದ.

"ಏನಣ್ಣಾ, ಬಿಳಿ ಬಣ್ಣ ಒಪ್ಪಿತಾ?" ಎಂದು ಕೇಳಿದ.

ಶಿವಮೂರ್ತಪ್ಪ ಬಗ್ಗಿ ಬಿಳಿ ಕಾರಿನ ಟೈರು ನೋಡತೊಡಗಿದ.

"ಅಮ್ಮಾರನ್ನ ಮನೆಗೆ ಬಿಡ್ತೀನಿ ಬನ್ನಿ. ಕೊಳ್ಳೋದು ಬೇಡ, ಬರೀ ಕೂತ್ಕೊಳ್ಳಿ."

ಬೇರೆ ದಾರಿ ಇರಲಿಲ್ಲ. ಸೌಂದರ್ಯಳೂ ಅಮ್ಮನ ಜೊತೆ ಹತ್ತಿದಳು, ನಾವಿಬ್ಬರು ಬಿಳಿ ಕಾರಿನಲ್ಲಿ ಹಿಂದೆ ಹೊರಟೆವು. ಮುಂದಿನ ಕಾರು ಪ್ರತಿ ಹಳ್ಳದಲ್ಲೂ ತಲೆದೂಗುತ್ತಿತ್ತು. ಶಿವಮೂರ್ತಪ್ಪ ಪ್ರತಿ ಸಲ ಶಿವ ಶಿವಾ ಎಂದ. ಸವಳಂಗ ರಸ್ತೆಯಲ್ಲಿ ಓಡಿಹೋಗಿ ಬಾಗಿಲು ತೆಗೆದರೆ ವೀರಮ್ಮ ಗೊರಕೆ ಹೊಡೆಯುತ್ತಿದ್ದರು.

ಎದ್ದವರೇ, "ಇದನ್ನೇ ತಗೋ," ಎಂದರು.

"ಅಕ್ಕ, ಇದು... ಬಣ್ಣ ಒಪ್ಪಲ್ಲ."

"ನೀಲಿಗೇನೋ ಬಂದಿದೆ ರೋಗ? ನಿಂಗೇನ್ ಸೀರೆ ತಗೋತಿದೀವಾ?"

ಮುರುಗೇಶಪ್ಪ ರಸ್ತೆಯ ಆಚೆಗೆ ಮುಖ ತಿರುಗಿಸಿ ನಿಂತ. ಅವನ ಹೆಗಲು ಮಾತ್ರ ಅಲುಗುತ್ತಿತ್ತು.

ಶಿವಮೂರ್ತಪ್ಪ ಸೌಂದರ್ಯಳನ್ನು ಪಕ್ಕಕ್ಕೆ ಕರೆದು ನಿಜ ಹೇಳಿದ. ಸತ್ತ ಶಾಕ್ ಅಬ್ಸಾರ್ಬರಿನ ಕಾರು ನಿಧಾನಕ್ಕೆ ಹೋದರೆ ತೊಟ್ಟಿಲು, ಜೋರಾಗಿ ಹೋದರೆ ತಿರುವಿನಲ್ಲಿ ಮಾತು ಕೇಳುವುದಿಲ್ಲ. ಇದನ್ನು ಒಪ್ಪಿದರೆ ಊರಿನಲ್ಲಿ ತನ್ನ ಮಾತಿಗೆ ಏನು ಬೆಲೆ ಎಂದ.

"ಮಾವ, ಮಾತು ಆಮೇಲೆ ನೋಡೋಣ. ಅಮ್ಮ ಕಾರಲ್ಲಿ ನಿದ್ದೆ ಮಾಡಿದ್ಲು, ನೋಡಿದ್ರಲ್ಲ?"

ಅವನು ಒಂದು ವಾರ ಯಾರ ಕಾರನ್ನೂ ನೋಡಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕ ಕೂತು ಅಡಿಕೆ ಜಗಿದ. ಸ್ಟೇರಿಂಗ್ ಸಡಿಲವಿರುವ ಕಾರಿನಲ್ಲಿ ಅಕ್ಕನನ್ನು ಕೂರಿಸುವುದಿಲ್ಲ ಎಂದ. ಇನ್ನೊಂದು ಅಡಿಕೆ ಬಾಯಿಗೆ ಹಾಕಿಕೊಂಡು, ಸ್ಟೇರಿಂಗ್ ಬೇರೆ, ಸ್ಪ್ರಿಂಗ್ ಬೇರೆ ಅಲ್ಲವೇ ಎಂದ. ನಾನು ಹೌದು ಎಂದೆ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಸೌಂದರ್ಯ ಕಾರು ಕೊಂಡಳು. ಶಿವಮೂರ್ತಪ್ಪ ಎದುರಿಗೆ ನಿಂತು ಸ್ಟೇರಿಂಗಿನ ಸವೆದ ಕೀಲುಗಳನ್ನೆಲ್ಲ ಹೊಸದು ಮಾಡಿಸಿದ, ನಾಲ್ಕೂ ಟೈರು ತನ್ನ ಅಂಗಡಿಯಿಂದ ಹಾಕಿದ, ಚಕ್ರಗಳನ್ನು ನೇರ ಮಾಡಿಸಿದ. ಮುಂದಿನ ಶಾಕ್ ಅಬ್ಸಾರ್ಬರುಗಳನ್ನೂ ಬದಲಾಯಿಸಿದ. ಹಿಂದಿನ ಎರಡನ್ನು ಬದಲಾಯಿಸಿದ ದಿನ ವೀರಮ್ಮ ಗೇಟು ದಾಟುವುದರೊಳಗೆ, "ಇದು ನನ್ನ ಕಾರಲ್ಲ," ಎಂದರು. ಹಳೆಯವು ವಾಪಸು ಬಂದವು. ಅದಕ್ಕೆ ಅವನೊಂದು ಷರತ್ತು ಹಾಕಿದ: ಈ ಕಾರಿನ ಸ್ಟೇರಿಂಗ್ ತಾನಲ್ಲದೆ ಯಾರೂ ಮುಟ್ಟಬಾರದು. ಹೀಗೆ, ಯಾವ ಕಾರನ್ನೂ ತನಗೆಂದು ಒಪ್ಪದವನು ಪ್ರತಿ ಸೋಮವಾರ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಅಕ್ಕನನ್ನು ಕೂರಿಸಿಕೊಂಡು ಭದ್ರಾವತಿಗೆ ಬರತೊಡಗಿದ.

ಮೊದಲ ಸೋಮವಾರ ಸೈಕಲ್ಲುಗಳು ಅವನನ್ನು ಹಿಂದೆ ಹಾಕಿದವಂತೆ. ಓಲ್ಡ್ ಟೌನ್ ತಲುಪುವ ಹೊತ್ತಿಗೆ ಗಾಯನ ಶುರುವಾಗಿತ್ತು. ವೀರಮ್ಮ ಗೋಡೆ ಹಿಡಿದು ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ವೇದಾ ಅರ್ಧ ಸಾಲಿಗೆ ನಿಲ್ಲಿಸಿದಳು. ಉಳಿದರ್ಧವನ್ನು ವೀರಮ್ಮ ಎತ್ತಿಕೊಟ್ಟರು. ದನಿ ಸ್ವಲ್ಪ ಒಡೆದಿತ್ತು, ರಾಗ ಸರಿಯಿತ್ತು.

ವಾಪಸು ಹೊರಟಾಗ ಅವರು ತಮ್ಮನನ್ನು ಬೈದರು.

"ಎಷ್ಟು ನಿಧಾನ ಹೊಡೀತೀಯೋ ಮಾರಾಯ! ಮೊದಲ ಎರಡು ವಚನ ಹೋಯ್ತು ನಂದು."

"ಜೋರಾಗಿ ಹೋದ್ರೆ ಇದು ದೋಣಿ ಆಗುತ್ತೆ ಅಕ್ಕ."

"ಆಗ್ಲಿ ಬಿಡು. ನಿಂಗೆ ಈಜು ಬರುತ್ತಲ್ಲ."

ಮುಂದಿನ ಸೋಮವಾರ ಅವನು ಶಿವಮೊಗ್ಗಕ್ಕೆ ಒಂದು ಬಸ್ಸು ಮುಂಚೆಯೇ ಹೊರಟ.